ಸುಮ್ಮನೆ ಕೂರುವುದಕ್ಕೆ ಎಷ್ಟು?

ಕಲ್ಕತ್ತೆ ಅಗ್ಗದ ಊರು ಎಂದು ಹೋಗಿಬಂದವರೆಲ್ಲ ಹೇಳುತ್ತಾರೆ. ಸುಳ್ಳೇನಲ್ಲ. ಮೆಟ್ರೋದಲ್ಲಿ ಕನಿಷ್ಠ ಟಿಕೆಟ್ 5 ರೂಪಾಯಿ. ಹೌರಾ ರೈಲು ನಿಲ್ದಾಣದ ಎದುರಿನ ಘಾಟಿನಲ್ಲಿ ಲಾಂಚ್ ಹತ್ತಿದರೆ ಹತ್ತು ರೂಪಾಯಿಯೊಳಗೆ ಹೂಗ್ಲಿ ನದಿ ದಾಟಿ ಬಾಬುಘಾಟಿನಲ್ಲಿ ಇಳಿಯಬಹುದು, ದಾರಿಯುದ್ದಕ್ಕೂ ಹೌರಾ ಸೇತುವೆಯನ್ನು ಕತ್ತೆತ್ತಿ ನೋಡಿದ್ದಕ್ಕೆ ಬೇರೆ ದುಡ್ಡಿಲ್ಲ. ಮಣ್ಣಿನ ಪುಟ್ಟ ಕುಡಿಕೆಯಲ್ಲಿ ಚಹಾ, ಪೇಪರ್ ಪೊಟ್ಟಣದಲ್ಲಿ ಸಾಸಿವೆ ಎಣ್ಣೆ ಹಾಕಿ ಕಲಸಿದ ಮಂಡಕ್ಕಿ, ಬಟಾಣಿಯ ಘುಗ್ನಿ, ಎರಡು ಕೊಚುರಿ ಜೊತೆಗೆ ಆಲೂ ಪಲ್ಯ; ಇಷ್ಟರಲ್ಲಿ ಒಂದು ಹಗಲು ಕಳೆಯುತ್ತದೆ. ಬೆನ್ನಿಗೆ ಚೀಲ ಹಾಕಿಕೊಂಡು ದೇಶ ಸುತ್ತುವವರಿಗೆಂದೇ ನ್ಯೂ ಮಾರ್ಕೆಟ್ ಪಕ್ಕದಲ್ಲಿ ಸದರ್ ಸ್ಟ್ರೀಟ್ ಎಂಬ ಬೀದಿಯಿದೆ. ಅಲ್ಲಿ ಒಂದು ಹಾಸಿಗೆಯ ಲೆಕ್ಕದಲ್ಲಿ ಜಾಗ ಸಿಗುತ್ತದೆ.

2024ರ ಜುಲೈಯಲ್ಲಿ ಹತ್ತು ದಿನ ಅಲ್ಲಿದ್ದೆ. ರೈಲಿನ ಖರ್ಚು ಬಿಟ್ಟರೆ ಕೈಯಲ್ಲಿದ್ದದ್ದು 6000 ರೂಪಾಯಿ. ಫೆಲೋಶಿಪ್ ನಾಲ್ಕು ತಿಂಗಳಿಂದ ಬಂದಿರಲಿಲ್ಲ. ಸಂಶೋಧನೆ ಮಾಡುವವರಿಗೆ ಇದು ಮಳೆಗಾಲದಲ್ಲಿ ಕರೆಂಟು ಹೋದಷ್ಟೇ ಸಹಜ, ಯಾರೂ ವಿಚಾರಿಸುವುದಿಲ್ಲ. ಆದರೂ ಹೋಗಲೇಬೇಕಿತ್ತು. ನನ್ನ ಪ್ರಬಂಧ ಬಂಗಾಳಿಯಿಂದ ಕನ್ನಡಕ್ಕೆ ಬಂದ ಮೊದಲ ತಲೆಮಾರಿನ ಕಾದಂಬರಿಗಳ ಮೇಲೆ. ಅಂದರೆ ಮುಖ್ಯವಾಗಿ ಬಂಕಿಮಚಂದ್ರರನ್ನು ಕನ್ನಡಿಗರ ಮನೆಮನೆಗೆ ತಲುಪಿಸಿದ ಬಿ. ವೆಂಕಟಾಚಾರ್ಯರ ಮೇಲೆ. ಮೂಲ ಪುಸ್ತಕಗಳ ಹಳೆಯ ಆವೃತ್ತಿಗಳನ್ನು ನೋಡದೆ ಆ ಅಧ್ಯಾಯ ಮುಂದೆ ಹೋಗುವಂತಿರಲಿಲ್ಲ. ಕಲ್ಕತ್ತೆಯ ನ್ಯಾಷನಲ್ ಲೈಬ್ರರಿಯಲ್ಲಿ ಅವು ಸಿಗುತ್ತಿದ್ದವು. ಅಷ್ಟೇ ಅಲ್ಲ, 1954ರ ಕಾಯ್ದೆಯ ಪ್ರಕಾರ ನಮ್ಮ ಪ್ರಕಾಶಕರು ಅಚ್ಚು ಹಾಕಿಸಿದ ಪ್ರತಿ ಪುಸ್ತಕದ ಒಂದು ಪ್ರತಿಯನ್ನು ಅಲ್ಲಿಗೆ ಕಳಿಸಬೇಕು. ಎಲ್ಲರೂ ಕಳಿಸುತ್ತಾರೆ ಎಂದಲ್ಲ. ಆದರೂ ನಮ್ಮೂರಿನ ಗ್ರಂಥಾಲಯದಲ್ಲಿ ಗೆದ್ದಲು ತಿಂದ ಕನ್ನಡ ಪುಸ್ತಕ ಹೂಗ್ಲಿ ದಡದ ಊರಿನಲ್ಲಿ ನೆಟ್ಟಗೆ ಕೂತಿರಬಹುದು ಎಂಬ ಆಸೆಯನ್ನು ಆ ಕಾಯ್ದೆ ಉಳಿಸಿದೆ.

ಹೊರಡುವ ಮುಂಚೆ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ. "ಲೈಬ್ರರಿ ಮುಚ್ಚಿದ ಮೇಲೆ ಏನ್ ಮಾಡ್ತೀಯ?"

"ಊರು ನೋಡ್ತೀನಿ."

"ಒಬ್ಳೇ? ಕೆಲ್ಸ ಮುಗಿದ ಕೂಡ್ಲೆ ರೂಮಿಗೆ ಹೋಗ್ಬಿಡು. ನೋಡೋದೇನಿದ್ರೂ ಹಗಲೊತ್ನಾಗೆ ನೋಡು."

ಹಗಲೆಲ್ಲ ಲೈಬ್ರರಿಯಲ್ಲಿದ್ದರೆ ಊರು ನೋಡುವುದು ಯಾವಾಗ ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಊರು ನೋಡುವುದಕ್ಕೇನು ಅಲ್ಲಿಗೆ ಹೋಗ್ತಿರೋದು ಎನ್ನುತ್ತಿದ್ದಳು.

ಅಗ್ಗದ ಪ್ರಯಾಣದ ಬಗ್ಗೆ ಬರೆಯುವವರು ಬಹುಪಾಲು ಗಂಡಸರು. ಅವರ ಲೆಕ್ಕದಲ್ಲಿ ವಸತಿಗೆ ಇಷ್ಟು, ಊಟಕ್ಕೆ ಇಷ್ಟು, ಓಡಾಟಕ್ಕೆ ಇಷ್ಟು ಎಂದಿರುತ್ತದೆ. ಹಣ ಉಳಿಸಲು ಒಂದು ರಾತ್ರಿ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ಮಲಗಿದೆ, ಜನರಲ್ ಬೋಗಿಯಲ್ಲಿ ಬಾಗಿಲ ಬಳಿ ಕೂತು ಬಂದೆ, ಘಾಟಿನ ಮೆಟ್ಟಿಲ ಮೇಲೆ ಬೆಳಗು ಮಾಡಿದೆ ಎಂದು ಹೆಮ್ಮೆಯಿಂದ ಬರೆಯುತ್ತಾರೆ. ಓದಲು ಚೆನ್ನಾಗಿರುತ್ತದೆ. ಆದರೆ ಆ ಉಳಿತಾಯದ ಉಪಾಯಗಳಲ್ಲಿ ನಾನು ಬಳಸಬಹುದಾದ್ದು ಎಷ್ಟು ಎಂದು ಹಿಂದೊಮ್ಮೆ ಪೆನ್ಸಿಲ್ ಹಿಡಿದು ಗುರುತು ಹಾಕಿದ್ದೆ. ಮಂಡಕ್ಕಿ ತಿನ್ನುವುದೊಂದು ಉಳಿಯಿತು.

ಮೊದಲು ವಿಚಾರಿಸಿದ ಲಾಡ್ಜಿನವರು ಆಧಾರ್ ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿ, ಒಂಟಿ ಹೆಂಗಸರಿಗೆ ಕೊಡುವುದಿಲ್ಲ ಎಂದರು. ಎರಡನೆಯ ಕಡೆ ಕೊಡುತ್ತೇವೆ ಎಂದರು, ಆದರೆ ಹೇಳಿದ ಬಾಡಿಗೆಗೆ ನನ್ನ 6000 ನಾಲ್ಕು ದಿನಕ್ಕೂ ಸಾಲುತ್ತಿರಲಿಲ್ಲ. ಕೊನೆಗೆ ಜಾದವಪುರದಲ್ಲಿ ಓದುತ್ತಿದ್ದ ಗೆಳತಿಯ ಗೆಳತಿಯೊಬ್ಬಳು ಉತ್ತರ ಕಲ್ಕತ್ತೆಯ ಶ್ಯಾಮ್‌ಬಜಾರಿನ ಹತ್ತಿರ ಹೆಂಗಸರ ಮೆಸ್ ಒಂದನ್ನು ತೋರಿಸಿದಳು. ಒಂದು ಕೋಣೆಗೆ ಮೂರು ಮಂಚ. ದಿನಕ್ಕೆ 250 ರೂಪಾಯಿ. ಬೆಳಗಿನ ಚಹಾ ಸೇರಿ. ನಡೆಸುತ್ತಿದ್ದವರನ್ನು ಎಲ್ಲರೂ ಮಾಶಿಮಾ ಎನ್ನುತ್ತಿದ್ದರು, ಅಂದರೆ ಚಿಕ್ಕಮ್ಮ. ನಾನೂ ಹಾಗೇ ಕರೆದೆ. ಅವರು ಹಿಂದಿಯಲ್ಲಿ ಶುರು ಮಾಡಿ ಬಂಗಾಳಿಯಲ್ಲಿ ಮುಗಿಸುವ ವಾಕ್ಯಗಳಲ್ಲಿ ನಿಯಮ ಹೇಳಿದರು. ಮುಖ್ಯವಾದದ್ದು, ರಾತ್ರಿ ಒಂಬತ್ತೂವರೆಗೆ ಗೇಟು ಹಾಕುತ್ತಾರೆ.

ಮೆಸ್ ಎಂಬ ಪದಕ್ಕೆ ಆ ಊರಿನಲ್ಲಿ ದೊಡ್ಡ ಚರಿತ್ರೆಯೇ ಇದೆ. ಹಳ್ಳಿಗಳಿಂದ ಗುಮಾಸ್ತೆ ಕೆಲಸಕ್ಕೆ, ಕಾಲೇಜಿಗೆ ಬಂದ ಗಂಡಸರು ಒಟ್ಟಾಗಿ ಬಾಡಿಗೆಗೆ ಹಿಡಿದು, ಒಬ್ಬ ಅಡುಗೆಯವನನ್ನು ಇಟ್ಟುಕೊಂಡು ಬದುಕುತ್ತಿದ್ದ ಮನೆಗಳೇ ಮೆಸ್‌ಬಾಡಿಗಳು. ಬಂಗಾಳಿಯ ಎಷ್ಟೋ ಲೇಖಕರು ಇಂಥ ಮನೆಗಳಲ್ಲಿ ಇದ್ದವರು. ಪತ್ತೇದಾರ ಬ್ಯೋಮಕೇಶ ಬಕ್ಷಿಯನ್ನು ಸೃಷ್ಟಿಸಿದ ಶರದಿಂದು ಬಂದ್ಯೋಪಾಧ್ಯಾಯರು ಹ್ಯಾರಿಸನ್ ರಸ್ತೆಯ ಒಂದು ಮೆಸ್ಸಿನಲ್ಲಿದ್ದರು. ಕಾದಂಬರಿಗಳಲ್ಲಿ ಬರುವ ಮೆಸ್ಸಿನ ಗಂಡಸರು ರಾತ್ರಿ ಹನ್ನೊಂದಕ್ಕೆ ಊಟ ಮಾಡುತ್ತಾರೆ, ಹನ್ನೆರಡರವರೆಗೆ ವಾದ ಮಾಡುತ್ತಾರೆ, ಬೇಜಾರಾದರೆ ಎದ್ದು ಗಂಗೆಯ ಕಡೆ ನಡೆದು ಹೋಗುತ್ತಾರೆ. ಗೇಟಿನ ಮಾತು ಎಲ್ಲೂ ಓದಿದ ನೆನಪಿಲ್ಲ.

ನನ್ನ ಪಕ್ಕದ ಮಂಚದವಳು ಪುರುಲಿಯಾದವಳು, ಖಾಸಗಿ ನರ್ಸಿಂಗ್ ಹೋಮ್ ಒಂದರಲ್ಲಿ ನರ್ಸ್. ವಾರದಲ್ಲಿ ನಾಲ್ಕು ದಿನ ರಾತ್ರಿ ಪಾಳಿ. ಸಂಜೆ ಏಳಕ್ಕೆ ಜಡೆ ಸುತ್ತಿ, ಟಿಫಿನ್ ಡಬ್ಬಿ ಹಿಡಿದು ಹೊರಟರೆ ಮರುದಿನ ಬೆಳಿಗ್ಗೆ ಎಂಟೂವರೆಗೆ ಬಂದು ಚಪ್ಪಲಿ ಬಿಡುವ ಮುಂಚೆಯೇ ಹಾಸಿಗೆಗೆ ಬೀಳುತ್ತಿದ್ದಳು. ಅವಳಿಗೆ ಗೇಟಿನ ನಿಯಮ ಅನ್ವಯಿಸುವುದಿಲ್ಲ. ಮಾಶಿಮಾ ಅವಳ ಡ್ಯೂಟಿ ಚೀಟಿಯನ್ನು ಗೋಡೆಗೆ ಅಂಟಿಸಿಕೊಂಡಿದ್ದರು. ಆದರೆ ರಜೆಯ ದಿನ ಅವಳೂ ಒಂಬತ್ತೂವರೆಯೊಳಗೆ ಬರಬೇಕು. ರಾತ್ರಿಯೆಲ್ಲ ದುಡಿಯಲು ಹೊರಗಿರಬಹುದು, ತಿರುಗಲು ಹತ್ತು ನಿಮಿಷ ಹೆಚ್ಚಾಗುವಂತಿಲ್ಲ. ಇದನ್ನು ನಾನು ಹೇಳಿದಾಗ ಅವಳಿಗೆ ವಿಚಿತ್ರ ಅನ್ನಿಸಲೇ ಇಲ್ಲ. "ಡ್ಯೂಟಿ ಡ್ಯೂಟಿ ಹೈ ದೀದಿ" ಎಂದು ಮಗ್ಗಲು ಬದಲಿಸಿದಳು.

ಬೆಳಿಗ್ಗೆ ಶ್ಯಾಮ್‌ಬಜಾರಿನಿಂದ ರವೀಂದ್ರ ಸದನದವರೆಗೆ ಮೆಟ್ರೋ, 15 ರೂಪಾಯಿ. 1984ರ ಅಕ್ಟೋಬರಿನಲ್ಲಿ ಶುರುವಾದ ಇದು ಈ ದೇಶದ ಮೊದಲ ಮೆಟ್ರೋ. ಅಲ್ಲಿಂದ ಅಲೀಪುರಕ್ಕೆ ಅರ್ಧ ಗಂಟೆ ನಡಿಗೆ, ಮೃಗಾಲಯದ ಗೋಡೆ ದಾಟಿ. ಬೆಲ್ವೆಡೇರ್ ಎಂಬ ಬಿಳಿ ಅರಮನೆಯ ಆವರಣದಲ್ಲಿದೆ ಲೈಬ್ರರಿ. ಓದುವ ಕೋಣೆಗಳು ಈಗ ಪಕ್ಕದ ಹೊಸ ಕಟ್ಟಡ ಭಾಷಾ ಭವನದಲ್ಲಿ. ಕೇಳಿದ ಪುಸ್ತಕಗಳಲ್ಲಿ ಅರ್ಧ ಸಿಕ್ಕವು, ಉಳಿದರ್ಧಕ್ಕೆ ಚೀಟಿ ಹಿಂದಿರುಗಿ ಬಂತು. ಸಂಶೋಧನೆಯ ಕತೆ ಇಲ್ಲಿಗೆ ಸಾಕು. ನಾನು ಹೇಳಬೇಕಾದ್ದು ಆ ಲೈಬ್ರರಿಯ ಇನ್ನೊಂದು ಗುಣದ ಬಗ್ಗೆ. ಅಲ್ಲಿ ಫ್ಯಾನ್ ಇತ್ತು, ಕುಡಿಯುವ ನೀರಿತ್ತು, ಶೌಚಾಲಯವಿತ್ತು, ಕುರ್ಚಿಯಿತ್ತು, ಯಾಕೆ ಕೂತಿದ್ದೀ ಎಂದು ಯಾರೂ ಕೇಳುತ್ತಿರಲಿಲ್ಲ. ಇವಿಷ್ಟೂ ಪುಕ್ಕಟೆಯಾಗಿ ಒಂದೇ ಕಡೆ ಸಿಗುವ ಜಾಗ ದೊಡ್ಡ ಊರಿನಲ್ಲಿ ಎಷ್ಟಿರಬಹುದು? ಹೆಂಗಸರಾದವರು ಒಮ್ಮೆ ಬೆರಳೆಣಿಸಿ ನೋಡಬಹುದು.

ಶೌಚಾಲಯದ ಮಾತು ಬಂದದ್ದರಿಂದ ಹೇಳಿಬಿಡುತ್ತೇನೆ. ನನ್ನ ಲೆಕ್ಕದ ಪುಸ್ತಕದಲ್ಲಿ 'ಶೌ' ಎಂಬ ಒಂದು ಕಾಲಂ ಇದೆ. ಲೈಬ್ರರಿಯ ಹೊರಗೆ ಒಂದು ಸಲಕ್ಕೆ 2 ರೂಪಾಯಿ, ಕೆಲವು ಕಡೆ 5. ಹತ್ತು ದಿನಕ್ಕೆ ಒಟ್ಟು 86 ರೂಪಾಯಿ. ದೊಡ್ಡ ಮೊತ್ತವಲ್ಲ, ಮೂರು ದಿನದ ಮೆಟ್ರೋ ಖರ್ಚಿನಷ್ಟು. ಆದರೆ ಗಂಡಸರ ಲೆಕ್ಕದ ಪುಸ್ತಕದಲ್ಲಿ ಈ ಕಾಲಂ ಇರುವುದಿಲ್ಲ, ಅವರಿಗೆ ಊರಿನ ಗೋಡೆಗಳಿವೆ. ಹಣಕ್ಕಿಂತ ತೊಂದರೆ ಎಂದರೆ ದಾರಿ. ಮುಂದಿನದು ಎಲ್ಲಿದೆ ಎಂದು ಗೊತ್ತಿಲ್ಲದ ಕಡೆ ಹೋಗುವಂತಿಲ್ಲ, ಹೋದರೂ ನೀರು ಕುಡಿಯುವಂತಿಲ್ಲ. ಜುಲೈ ತಿಂಗಳ ಕಲ್ಕತ್ತೆಯ ಸೆಕೆಯಲ್ಲಿ ಬೆವರು ಮೊಣಕೈಯಿಂದ ತೊಟ್ಟಿಕ್ಕುತ್ತಿರುವಾಗ ನೀರಿನ ಬಾಟಲಿಯನ್ನು ಚೀಲದಲ್ಲಿಟ್ಟುಕೊಂಡು ಬಾಯಾರಿ ನಡೆಯುವುದನ್ನು ಯಾವ ಪ್ರವಾಸ ಪುಸ್ತಕವೂ ಹೇಳಿಕೊಡುವುದಿಲ್ಲ.

ಸಂಜೆಯ ಊರು ಕಾಲೇಜ್ ಸ್ಟ್ರೀಟಿನಿಂದ ಶುರುವಾಗುತ್ತಿತ್ತು. ಫುಟ್‌ಪಾತಿನ ಎರಡೂ ಬದಿ ಪುಸ್ತಕದ ಗೂಡಂಗಡಿಗಳು. ಪ್ರೆಸಿಡೆನ್ಸಿ, ಸಂಸ್ಕೃತ ಕಾಲೇಜು, ವಿಶ್ವವಿದ್ಯಾಲಯ, ಎದುರಿಗೆ ಕಾಲೇಜ್ ಸ್ಕ್ವೇರಿನ ಕೊಳ. ಅಲ್ಲೇ ಒಳಗೆ ತಿರುಗಿದರೆ ಬಂಕಿಮ್ ಚಟರ್ಜಿ ಸ್ಟ್ರೀಟ್, ಅದರಲ್ಲಿ ಕಾಫಿ ಹೌಸ್. ಶಿವಮೊಗ್ಗದ ಕಡೆಯ ಹುಡುಗಿಯೊಬ್ಬಳು ಬಂಕಿಮರ ಕನ್ನಡ ಅನುವಾದದ ಬೆನ್ನು ಹತ್ತಿ ಬಂದು ಬಂಕಿಮರ ಹೆಸರಿನ ಬೀದಿಯಲ್ಲಿ ಕಾಫಿ ಕುಡಿಯುತ್ತಿದ್ದಾಳೆ ಎಂದು ನನಗೆ ನಾನೇ ಸ್ವಲ್ಪ ಬೀಗಿದ್ದೂ ಉಂಟು. ಆ ಕಟ್ಟಡ ಮೊದಲು ಆಲ್ಬರ್ಟ್ ಹಾಲ್. 1942ರಲ್ಲಿ ಕಾಫಿ ಮಂಡಳಿಯವರು ಅಲ್ಲಿ ಕಾಫಿ ಹೌಸ್ ತೆರೆದರು. ಕಾಫಿ ಬೆಳೆಯುವ ನಮ್ಮ ಗುಡ್ಡಗಳಿಗೂ ಚಹಾ ಕುಡಿಯುವ ಆ ಊರಿಗೂ ಗಂಟು ಬಿದ್ದದ್ದು ಹೀಗೆ. ಮಂಡಳಿ ಕೈಬಿಟ್ಟ ಮೇಲೆ ಕೆಲಸಗಾರರೇ ಸಹಕಾರ ಸಂಘ ಕಟ್ಟಿಕೊಂಡು ನಡೆಸುತ್ತಿದ್ದಾರೆ. ಎತ್ತರದ ಮಾಡು, ಸುತ್ತ ಉಪ್ಪರಿಗೆ, ಗೋಡೆಯಲ್ಲಿ ದೊಡ್ಡ ರವೀಂದ್ರರ ಚಿತ್ರ, ಬಿಳಿ ಸಮವಸ್ತ್ರಕ್ಕೆ ರುಮಾಲು ಸುತ್ತಿದ ಮಾಣಿಗಳು. ಇನ್‌ಫ್ಯೂಷನ್ ಎಂದು ಹಾಲಿಲ್ಲದ ಕಪ್ಪು ಕಾಫಿ ಕೊಡುತ್ತಾರೆ. ಚಿಕ್ಕಮಗಳೂರಿನಲ್ಲಿ ನೆಂಟರಿರುವ ನಾನು ಅದನ್ನು ಕಾಫಿ ಎಂದು ಒಪ್ಪಿಕೊಳ್ಳಲಾರೆ. ಆದರೆ ಅಲ್ಲಿ ದುಡ್ಡು ಕೊಡುವುದು ಕಾಫಿಗಲ್ಲ, ಕುರ್ಚಿಗೆ. ಒಂದು ಲೋಟ ಮುಂದಿಟ್ಟುಕೊಂಡು ಎರಡು ಗಂಟೆ ಕೂತರೂ ಏಳು ಎನ್ನುವವರಿಲ್ಲ.

ಅಲ್ಲಿ ಹೆಂಗಸರು ಇದ್ದರು, ಬೇಕಾದಷ್ಟು. ಸಿಗರೇಟು ಹಿಡಿದು ಜೋರಾಗಿ ಜಗಳವಾಡುವ ವಿದ್ಯಾರ್ಥಿನಿಯರನ್ನು ನೋಡಿ ಖುಷಿಯಾಯಿತು. ಆದರೆ ಒಬ್ಬಳೇ ಕೂತವಳು ನಾನೊಬ್ಬಳೇ. ಒಬ್ಬೊಬ್ಬರೇ ಕೂತ ಗಂಡಸರು, ಮುದುಕರು, ನಾನು ಎಣಿಸಿದಾಗ ಹನ್ನೊಂದು ಜನ. ಎದುರು ಪುಸ್ತಕವಿಲ್ಲ, ಫೋನಿಲ್ಲ. ಫ್ಯಾನ್ ನೋಡುತ್ತಾ ಕೂತಿದ್ದರು. ನಾನು ಮಾತ್ರ ನೋಟ್‌ಬುಕ್ ತೆರೆದು, ಪೆನ್ನಿನ ಮುಚ್ಚಳ ತೆಗೆದು, ಏನೋ ಬರೆಯುವವಳಂತೆ ಇದ್ದೆ. ಮುಂಬಯಿಯ ಹೆಂಗಸರ ಬಗ್ಗೆ ಶಿಲ್ಪಾ ಫಡ್ಕೆ, ಸಮೀರಾ ಖಾನ್, ಶಿಲ್ಪಾ ರಾನಡೆ ಸೇರಿ ಬರೆದ 'ವೈ ಲಾಯ್ಟರ್?' ಎಂಬ ಪುಸ್ತಕವೊಂದಿದೆ. ಊರಿನಲ್ಲಿ ಹೆಂಗಸು ಹೊರಗಿರಬೇಕಾದರೆ ಒಂದು ಕೆಲಸದ ನೆಪ ಹೊತ್ತಿರಬೇಕು, ಸುಮ್ಮನೆ ಅಲೆಯುವ ಹಕ್ಕನ್ನೇ ಕೇಳಬೇಕು ಎಂಬುದು ಅದರ ವಾದ. ಎಂ.ಎ. ಓದುವಾಗ ಅದನ್ನು ಓದಿ, ಸೆಮಿನಾರಿನಲ್ಲಿ ಮಂಡಿಸಿ, ಚಪ್ಪಾಳೆಯನ್ನೂ ಗಿಟ್ಟಿಸಿದ್ದೆ. ಪುಸ್ತಕ ಒಪ್ಪಿದ ಕೂಡಲೇ ಭುಜಗಳು ಒಪ್ಪುವುದಿಲ್ಲ. ಅವಕ್ಕೆ ಇಪ್ಪತ್ತೆಂಟು ವರ್ಷದ ಬೇರೆ ಪಾಠವಾಗಿದೆ.

ಉತ್ತರ ಕಲ್ಕತ್ತೆಯ ಹಳೆ ಮನೆಗಳಿಗೆ ಬೀದಿಯ ಕಡೆ ಒಂದು ಕಟ್ಟೆ ಇರುತ್ತದೆ. ಅದನ್ನು ಅವರು ರೊಯಾಕ್ ಎನ್ನುತ್ತಾರೆ, ನಮ್ಮ ಜಗಲಿಯ ಹಾಗೆ. ಅಡ್ಡಾ ಎಂದು ಬಂಗಾಳಿಗಳು ಅಭಿಮಾನಪಡುವ ಹರಟೆಯ ತೊಟ್ಟಿಲು ಅದೇ. ಸಂಜೆ ಆರರಿಂದ ಹತ್ತರವರೆಗೆ ಆ ಕಟ್ಟೆಗಳು ತುಂಬಿರುತ್ತವೆ. ಫುಟ್‌ಬಾಲು, ರಾಜಕೀಯ, ಮೀನಿನ ರೇಟು. ಪುಕ್ಕಟೆ ಜಾಗ ಎಂದರೆ ಅದಕ್ಕಿಂತ ಪುಕ್ಕಟೆ ಇನ್ನಿಲ್ಲ. ಹತ್ತು ದಿನ ಆ ಗಲ್ಲಿಗಳಲ್ಲಿ ನಡೆದಾಡಿದೆ. ಕಟ್ಟೆಯ ಮೇಲೆ ಕೂತ ಹೆಂಗಸು ಎಂದರೆ ಒಬ್ಬ ಮುದುಕಿ, ಅವರ ಮನೆಯದೇ ಕಟ್ಟೆ, ಬಟಾಣಿ ಸುಲಿಯುತ್ತಿದ್ದರು. ನಮ್ಮೂರಲ್ಲೂ ಹಾಗೇ ತಾನೆ. ಜಗಲಿಯ ಮೇಲೆ ಅಪ್ಪ ಎಲೆಯಡಿಕೆ ಹಾಕುತ್ತಾರೆ. ಅಮ್ಮ ಬಂದು ಕೂತರೆ ಕೈಯಲ್ಲಿ ಮೊರ ಇರುತ್ತದೆ.

ಆ ಹತ್ತು ದಿನ ನಾನು ಹೆಚ್ಚು ನೆಮ್ಮದಿಯಾಗಿ ಕೂತದ್ದು ಟ್ರಾಮಿನಲ್ಲಿ. ಎಸ್‌ಪ್ಲನೇಡಿನಿಂದ ಶ್ಯಾಮ್‌ಬಜಾರಿಗೆ ಹೋಗುವ 5ನೇ ನಂಬರಿನ ಟ್ರಾಮು ಕಾಲೇಜ್ ಸ್ಟ್ರೀಟಿನ ಮೇಲೇ ಹಾಯುತ್ತದೆ. ಮರದ ಕಿಟಕಿ, ಕಬ್ಬಿಣದ ಸದ್ದು, ನಡೆಯುವವರಿಗಿಂತ ಒಂಚೂರು ವೇಗ. ಹತ್ತು ರೂಪಾಯಿಗೂ ಕಡಿಮೆ ಟಿಕೆಟ್. ಕೆಲಸವಿದ್ದವರು ಯಾರೂ ಅದನ್ನು ಹತ್ತುವುದಿಲ್ಲ, ಬಸ್ಸಿಗೋ ಆಟೋಗೋ ಓಡುತ್ತಾರೆ. ಆದ್ದರಿಂದ ಅದರಲ್ಲಿ ಇರುವವರೆಲ್ಲ ಹೆಚ್ಚುಕಡಿಮೆ ಸುಮ್ಮನೆ ಕೂತವರು, ನಾನೂ ಅವರಲ್ಲೊಬ್ಬಳು. ಎಲ್ಲಿಗೋ ಹೋಗುತ್ತಿದ್ದೇನೆ ಎಂಬ ನೆಪವನ್ನು ಟ್ರಾಮು ಹೊತ್ತುಕೊಳ್ಳುತ್ತಿತ್ತು, ನಾನು ಹೊರಬೇಕಿರಲಿಲ್ಲ. ಎರಡು ಸಂಜೆ ಶ್ಯಾಮ್‌ಬಜಾರಿನಲ್ಲಿ ಇಳಿದವಳೇ ಮತ್ತೆ ಅದೇ ಟ್ರಾಮು ಹತ್ತಿ ಹಿಂದಕ್ಕೆ ಹೋಗಿದ್ದೆ. ಕಂಡಕ್ಟರ್ ಎರಡನೆಯ ಸಲ ಟಿಕೆಟ್ ಹರಿಯುವಾಗ ನಕ್ಕರು, ಏನೂ ಕೇಳಲಿಲ್ಲ.

ಟ್ರಾಮಿನ ಟಿಕೆಟ್ ಎಂದರೆ ಆ ಊರಿಗೆ ಬರೀ ಟಿಕೆಟ್ ಅಲ್ಲ. ಕಲ್ಕತ್ತೆಯಲ್ಲಿ ಮೊದಲ ಟ್ರಾಮು ಓಡಿದ್ದು 1873ರಲ್ಲಿ, ಕುದುರೆ ಎಳೆದದ್ದು. 1902ರಲ್ಲಿ ವಿದ್ಯುತ್ ಬಂತು. ಸ್ವಾತಂತ್ರ್ಯ ಬಂದ ಮೇಲೂ ಅದು ಬ್ರಿಟಿಷ್ ಕಂಪನಿಯ ಕೈಯಲ್ಲೇ ಇತ್ತು. ಟ್ರಾಮಿಗೆ ಎರಡು ಡಬ್ಬಿ. ಮುಂದಿನದು ಫಸ್ಟ್ ಕ್ಲಾಸ್, ಹಿಂದಿನದು ಸೆಕೆಂಡ್ ಕ್ಲಾಸ್. 1953ರ ಜುಲೈಯಲ್ಲಿ ಕಂಪನಿ ಸೆಕೆಂಡ್ ಕ್ಲಾಸಿನ ದರವನ್ನು ಒಂದು ಪೈಸೆ ಏರಿಸಿತು. ರೂಪಾಯಿಗೆ 64 ಪೈಸೆಯಿದ್ದ ಕಾಲ. ಜನ ಹಳೆಯ ದರವನ್ನಷ್ಟೇ ಕೊಡುತ್ತೇವೆ ಎಂದು ಹಟ ಹಿಡಿದರು. ಹರತಾಳ, ಮೆರವಣಿಗೆ, ಸುಟ್ಟ ಟ್ರಾಮುಗಳು, ಗೋಲಿಬಾರು, ಸಾವಿರಾರು ಜನರ ಬಂಧನ. ವಾರಗಟ್ಟಲೆ ಊರು ಕುದಿಯಿತು. ಕೊನೆಗೆ ಏರಿಕೆಯನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು. ಒಂದು ಪೈಸೆಗೆ ಇಷ್ಟೆಲ್ಲವೇ ಎಂದು ಆಗಲೂ ಕೇಳಿದವರಿದ್ದರಂತೆ. ದಿನಕ್ಕೆ ನಾಲ್ಕು ಸಲ ಟ್ರಾಮು ಹತ್ತುವ ಗುಮಾಸ್ತನ ಲೆಕ್ಕದ ಪುಸ್ತಕ ನೋಡದವರು ಹಾಗೆ ಕೇಳುತ್ತಾರೆ. ಅದರ ಮರುವರ್ಷವೇ, 1954ರ ಅಕ್ಟೋಬರಿನಲ್ಲಿ, ಬಂಗಾಳಿಯ ದೊಡ್ಡ ಕವಿ ಜೀವನಾನಂದ ದಾಸ್ ರಸ್ತೆ ದಾಟುವಾಗ ಟ್ರಾಮಿಗೆ ಸಿಕ್ಕಿ ಆಸ್ಪತ್ರೆಯಲ್ಲಿ ತೀರಿಕೊಂಡರು. ಅಷ್ಟು ನಿಧಾನವಾಗಿ ಬರುವ ವಾಹನಕ್ಕೆ ಸಿಕ್ಕದ್ದು ಹೇಗೆ ಎಂದು ಬಂಗಾಳಿಗಳು ಇವತ್ತಿಗೂ ಮಾತಾಡಿಕೊಳ್ಳುತ್ತಾರೆ.

ನಾನು ಹಿಂದಿರುಗಿದ ಎರಡು ತಿಂಗಳಿಗೆ, ಸೆಪ್ಟೆಂಬರಿನಲ್ಲಿ, ಎಸ್‌ಪ್ಲನೇಡ್–ಮೈದಾನ್ ನಡುವಿನ ಒಂದು ತುಣುಕು ದಾರಿ ಬಿಟ್ಟು ಉಳಿದ ಟ್ರಾಮುಗಳನ್ನೆಲ್ಲ ನಿಲ್ಲಿಸುತ್ತೇವೆ ಎಂದು ರಾಜ್ಯದ ಸಾರಿಗೆ ಸಚಿವರು ಹೇಳಿದರು. ಕಾರಣ, ಟ್ರಾಫಿಕ್ ಜಾಮ್. ಆ ತುಣುಕು ಪರಂಪರೆಯ ಲೆಕ್ಕದಲ್ಲಿ ಉಳಿಯುತ್ತದಂತೆ, ಪ್ರವಾಸಿಗರಿಗಾಗಿ. ನಡುಬೀದಿಯಲ್ಲಿ ಬಡವರು ಕೂರುವ ವಸ್ತು ತೊಂದರೆ, ಮೈದಾನದಂಚಿನಲ್ಲಿ ಪ್ರವಾಸಿಗರು ಕೂರುವಾಗ ಪರಂಪರೆ. ನಾನೂ ಪ್ರವಾಸಿಯೇ ಆಗಿದ್ದೆನಲ್ಲ, ಯಾವ ಬಾಯಿಂದ ಹೇಳಲಿ.

ಪೈಸೆಯ ಇನ್ನೊಂದು ಗುರುತು ಊಟದಲ್ಲಿದೆ. ಪೈಸ್ ಹೋಟೆಲ್ ಎಂಬ ಊಟದ ಮನೆಗಳಲ್ಲಿ ಪ್ರತಿಯೊಂದಕ್ಕೂ ಬೇರೆ ಬೇರೆ ಲೆಕ್ಕ. ಅನ್ನಕ್ಕಿಷ್ಟು, ಬೇಳೆಗಿಷ್ಟು, ಬಾಳೆಲೆಗಿಷ್ಟು, ನಿಂಬೆಹೋಳಿಗೆ ಇಷ್ಟು. ಕಾಲೇಜ್ ಸ್ಟ್ರೀಟಿನ ಸಂದಿಯೊಂದರಲ್ಲಿ ಸ್ವಾಧೀನ್ ಭಾರತ್ ಹಿಂದೂ ಹೋಟೆಲ್ ಇದೆ. ಮೊದಲು ಬರೀ ಹಿಂದೂ ಹೋಟೆಲ್, ಸ್ವಾತಂತ್ರ್ಯ ಬಂದ ಮೇಲೆ ಹೆಸರಿಗೆ 'ಸ್ವಾಧೀನ್ ಭಾರತ್' ಸೇರಿಸಿಕೊಂಡದ್ದು. ನನ್ನ ಊಟ ಅನ್ನ, ಬೇಳೆ, ಆಲೂ ಭಾಜಾ. ಮೂರು ದಿನಕ್ಕೊಮ್ಮೆ ಮೀನು. ಬಡಿಸುವವರು ಗಿರಾಕಿ ತಿಂದದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಗಲ್ಲಾದವರಿಗೆ ಕೂಗಿ ಹೇಳುತ್ತಾರೆ. ಮೀನಿಲ್ಲದ ದಿನ ನನ್ನ ಪಟ್ಟಿ ಬೇಗ ಮುಗಿದು ಸ್ವಲ್ಪ ನಾಚಿಕೆಯಾಗುತ್ತಿತ್ತು.

ಏಳನೆಯ ದಿನ ಮಳೆ ಹಿಡಿಯಿತು. ಠಂಠನಿಯಾ ಕಾಳಿ ಗುಡಿಯ ಸುತ್ತ ಒಂದು ಗಂಟೆ ಜೋರು ಮಳೆಗೆ ಮೊಣಕಾಲು ನೀರು ನಿಲ್ಲುತ್ತದೆ ಎಂಬುದು ಊರಿಗೆಲ್ಲ ಗೊತ್ತಿರುವ ವಿಷಯ. ಪುಸ್ತಕದ ಅಂಗಡಿಯವರು ಕೆಳಗಿನ ಸಾಲಿನ ಪುಸ್ತಕಗಳನ್ನು ಆರಾಮವಾಗಿ ಮೇಲಕ್ಕೆ ಎತ್ತಿಡುತ್ತಿದ್ದರು. ಟ್ರಾಮು ನಿಂತಿತು. ಆಟೋ ಮಾಯವಾದವು. ಆಗ ಬಂದದ್ದು ಕೈಗಾಡಿ ರಿಕ್ಷಾಗಳು, ಮನುಷ್ಯರು ಎಳೆಯುವಂಥವು. ಅಲ್ಲಿಯವರೆಗೆ ನಾನು ಅವುಗಳನ್ನು ಹತ್ತಿರಲಿಲ್ಲ. ಮನುಷ್ಯರ ಮೇಲೆ ಸವಾರಿ ಮಾಡುವುದು ತಪ್ಪು ಎಂಬ ಕಾರಣಕ್ಕೋ, ಅಷ್ಟು ದುಡ್ಡಿಲ್ಲ ಎಂಬ ಕಾರಣಕ್ಕೋ, ಬಿಡಿಸಿ ಹೇಳುವುದು ಕಷ್ಟ. ಎರಡೂ ಒಂದೇ ಕಡೆ ಎಳೆಯುತ್ತಿದ್ದವು, ಒಳ್ಳೆಯತನ ಅಗ್ಗವಾಗಿ ಸಿಕ್ಕಿತ್ತು. ಆ ಸಂಜೆ ಗಂಟೆ ಎಂಟೂಕಾಲು. ಒಂಬತ್ತೂವರೆಗೆ ಗೇಟು. ರಿಕ್ಷಾದಲ್ಲಿ ಕೂತ ವಯಸ್ಸಾದ ಹೆಂಗಸೊಬ್ಬರು "ಏಶೋ ಮಾ, ಏಶೋ" ಎಂದು ಪಕ್ಕಕ್ಕೆ ಸರಿದು ಜಾಗ ಮಾಡಿದರು. ಹತ್ತಿದೆ.

ಆ ಗಾಡಿಯ ಸೀಟು ಎತ್ತರ. ನೀರು ನಮ್ಮ ಪಾದಕ್ಕೆ ತಾಕುತ್ತಿರಲಿಲ್ಲ, ಎಳೆಯುವವರ ತೊಡೆಯವರೆಗೆ ಇತ್ತು. ಐವತ್ತು ದಾಟಿದವರು. ಬಿಹಾರದವರು. ಹಿಂದಿಯಲ್ಲಿ ಮಾತಾಡಿಸಿದರೆ ಒಂದೊಂದೇ ಪದದಲ್ಲಿ ಉತ್ತರ ಕೊಟ್ಟರು, ಉಸಿರು ಬೇಕಿತ್ತು. ಗಾಡಿ ಅವರದಲ್ಲ, ದಿನಕ್ಕಿಷ್ಟು ಎಂದು ಬಾಡಿಗೆ ಕಟ್ಟಬೇಕು. ಇರುವುದು ಡೇರಾದಲ್ಲಿ, ಗಾಡಿಗಳೂ ಎಳೆಯುವವರೂ ಒಂದೇ ಸೂರಿನ ಕೆಳಗೆ. ಇಳಿಯುವಾಗ ನನ್ನ ಪಾಲು 60 ರೂಪಾಯಿ. ಚೌಕಾಸಿ ಮಾಡಲು ಬಾಯಿ ಬರಲಿಲ್ಲ. ಅವರಿಗೆ ಮಳೆ ಬಂದ ದಿನವೇ ಸುಗ್ಗಿ ಎಂದರು ಆ ಹೆಂಗಸು, ನನ್ನ ಮುಖ ನೋಡಿ ಸಮಾಧಾನ ಮಾಡುವವರಂತೆ. ಈ ಊರಿನ ಅಗ್ಗದ ದರಗಳಲ್ಲಿ ಎಷ್ಟು ಭಾಗ ಯಾರ್ಯಾರ ಮೊಣಕಾಲಿನಿಂದ ಬರುತ್ತದೆ ಎಂದು ಲೆಕ್ಕ ಹಾಕಲು ಆಮೇಲೆ ಪ್ರಯತ್ನಿಸಿದೆ. ಮಣ್ಣಿನ ಕುಡಿಕೆ ತಿರುಗಿಸುವವರು, ಮೂವತ್ತು ರೂಪಾಯಿಗೆ ಅನ್ನ ಬಡಿಸುವವರು, ಮೆಸ್ಸಿನಲ್ಲಿ ನೆಲ ಒರೆಸುತ್ತಿದ್ದ ಹುಡುಗಿ. ಗೇಟು ತಲುಪಿದಾಗ ಒಂಬತ್ತು ಗಂಟೆ ಹತ್ತು ನಿಮಿಷ.

ಹೊರಡುವ ದಿನ ಹೌರಾಕ್ಕೆ ಎಸ್‌ಪ್ಲನೇಡಿನಿಂದ ಹೊಸ ಮೆಟ್ರೋದಲ್ಲಿ ಹೋದೆ. 2024ರ ಮಾರ್ಚಿನಲ್ಲಷ್ಟೇ ಉದ್ಘಾಟನೆಯಾಗಿತ್ತು, ನದಿಯ ಕೆಳಗಿನ ಸುರಂಗ. 520 ಮೀಟರು, ಮುಕ್ಕಾಲು ನಿಮಿಷ. ಸುರಂಗದ ಗೋಡೆಯಲ್ಲಿ ನೀಲಿ ದೀಪ ಕಂಡ ಕೂಡಲೇ ಎಲ್ಲರೂ ಫೋನ್ ಎತ್ತಿದರು. 10 ರೂಪಾಯಿ. ನನಗೇನೋ ಲಾಂಚೇ ಇಷ್ಟ. ಕೈಯಲ್ಲಿ 412 ರೂಪಾಯಿ ಉಳಿದಿತ್ತು. ನರ್ಸ್ ಹುಡುಗಿ ಮಲಗಿದ್ದಳು, ಎಬ್ಬಿಸದೆ ಬಂದಿದ್ದೆ. ರೈಲು ಖರಗಪುರ ದಾಟಿದ ಮೇಲೆ ಮೆಸೇಜ್ ಬಂತು, ಹೇಳದೆ ಹೋದಿರಲ್ಲ ದೀದಿ ಎಂದು.

ಮೂರು ವಾರ ಕಳೆಯಿತು. ಆಗಸ್ಟ್ 9ರ ಬೆಳಿಗ್ಗೆ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ಸ್ನಾತಕೋತ್ತರ ವೈದ್ಯ ವಿದ್ಯಾರ್ಥಿನಿಯ ಶವ ಸಿಕ್ಕಿತು. ಅತ್ಯಾಚಾರ, ಕೊಲೆ. ನನಗಿಂತ ಎರಡು ಮೂರು ವರ್ಷ ದೊಡ್ಡವರು. ಶ್ಯಾಮ್‌ಬಜಾರಿನ ಐದು ದಾರಿಯ ವೃತ್ತದಿಂದ ಆ ಆಸ್ಪತ್ರೆಗೆ ನಡೆದು ಹೋಗುವಷ್ಟೇ ದೂರ, ಅದರ ಬೋರ್ಡನ್ನು ದಿನವೂ ನೋಡುತ್ತಿದ್ದೆ. ಸುದ್ದಿಯಲ್ಲಿ ನನ್ನನ್ನು ಬಿಡದೆ ಕಾಡಿದ್ದು ಒಂದು ವಿವರ. ದೀರ್ಘ ಪಾಳಿಯ ನಡುವೆ ಅವರು ಸ್ವಲ್ಪ ಹೊತ್ತು ಒರಗಲು ಸೆಮಿನಾರ್ ಹಾಲಿಗೆ ಹೋಗಿದ್ದರು. ಸಾವಿರಾರು ಜನ ಕೆಲಸ ಮಾಡುವ ಜಾಗದಲ್ಲಿ, ಡ್ಯೂಟಿಯ ಮೇಲಿದ್ದ ವೈದ್ಯೆಗೆ, ಒಂದೆರಡು ಗಂಟೆ ತಲೆಯಿಡಲು ಸಿಕ್ಕ ಜಾಗ ಅದು. ಅವರು ಊರು ತಿರುಗಲು ಹೋಗಿರಲಿಲ್ಲ. ಗೇಟಿನ ಒಳಗೇ ಇದ್ದರು. ಕೆಲಸದ ನೆಪವಲ್ಲ, ಕೆಲಸವೇ ಇತ್ತು.

ಅದಾದ ಮೇಲೆ ರಾಜ್ಯ ಸರ್ಕಾರ ಹೊರಡಿಸಿದ ಸೂಚನೆಗಳಲ್ಲಿ, ಸಾಧ್ಯವಾದ ಕಡೆ ಹೆಂಗಸರಿಗೆ ರಾತ್ರಿ ಪಾಳಿ ತಪ್ಪಿಸಬೇಕು ಎಂಬುದೂ ಒಂದು. ಸುಪ್ರೀಂ ಕೋರ್ಟು ಅದನ್ನು ಆಕ್ಷೇಪಿಸಿತು. ಅಮ್ಮ ಫೋನ್ ಮಾಡಿ ಅತ್ತಳು. ಅವಳ ಅಳುವಿನಲ್ಲಿ 'ನಾನು ಹೇಳಿರಲಿಲ್ವಾ' ಎಂಬುದೂ ಇತ್ತು. ಹೇಳಿದ್ದಳು ನಿಜ. ಕೆಲಸ ಮುಗಿದ ಕೂಡಲೇ ರೂಮಿಗೆ ಹೋಗು ಎಂದು. ಕೆಲಸವೂ ರೂಮೂ ಒಂದೇ ಆಗಿದ್ದವರಿಗೆ ಏನು ಹೇಳುತ್ತೀಯಮ್ಮ ಎಂದು ಕೇಳಿದೆ. ಆ ಕಡೆಯಿಂದ ಬಹಳ ಹೊತ್ತು ಮಾತಿಲ್ಲ.

ಆಗಸ್ಟ್ 14ರ ರಾತ್ರಿ, ಸ್ವಾತಂತ್ರ್ಯ ದಿನ ಹುಟ್ಟುವ ಹೊತ್ತಿಗೆ ಬೀದಿಗೆ ಬನ್ನಿ, ರಾತ್ರಿಯನ್ನು ಮತ್ತೆ ನಮ್ಮದು ಮಾಡಿಕೊಳ್ಳೋಣ ಎಂದು ಕಲ್ಕತ್ತೆಯ ಹೆಂಗಸರು ಕರೆ ಕೊಟ್ಟಿದ್ದರು. ಮೊದಲು ಹೇಳಿದ್ದು ಮೂರು ಜಾಗ, ಅದರಲ್ಲಿ ಕಾಲೇಜ್ ಸ್ಟ್ರೀಟ್ ಒಂದು. ರಾತ್ರಿಯಾಗುವಷ್ಟರಲ್ಲಿ ಜಾಗಗಳನ್ನು ಎಣಿಸಲು ಆಗದಷ್ಟಾಯಿತು, ಜಿಲ್ಲೆಗಳ ಸಣ್ಣ ಊರುಗಳಲ್ಲೂ. ನಾನು ಹಾಸ್ಟೆಲ್ಲಿನ ಮಂಚದ ಮೇಲೆ ಕೂತು ಫೋನಿನಲ್ಲಿ ನೋಡುತ್ತಿದ್ದೆ. ಮೋಂಬತ್ತಿ, ಶಂಖದ ಸದ್ದು, ಚಪ್ಪಾಳೆ. ಹನ್ನೆರಡೂವರೆಗೆ ನರ್ಸ್ ಹುಡುಗಿಯ ವಾಯ್ಸ್ ಮೆಸೇಜ್ ಬಂತು. ಹಿಂದಿನ ಗದ್ದಲದಲ್ಲಿ ಅರ್ಧ ಕೇಳಿಸಲಿಲ್ಲ. ಪಾಳಿ ಬದಲಿಸಿಕೊಂಡು ಬಂದಿದ್ದಾಳೆ. ಶ್ಯಾಮ್‌ಬಜಾರಿನಲ್ಲಿ ಟ್ರಾಮಿನ ಹಳಿಯ ಮೇಲೆ ಕೂತಿದ್ದಾಳೆ. ಈ ಊರಿಗೆ ಬಂದು ಐದು ವರ್ಷವಾಯಿತು, ಯೂನಿಫಾರ್ಮ್ ಇಲ್ಲದೆ ಈ ಹೊತ್ತಿನಲ್ಲಿ ಹೊರಗಿರುವುದು ಇದೇ ಮೊದಲು. ಮಾಶಿಮಾ ಕೂಡ ಬಂದಿದ್ದಾರೆ, ಕಾಲು ನೋವು ಎಂದು ಯಾರದೋ ಮನೆಯ ರೊಯಾಕಿನ ಮೇಲೆ ಕೂತಿದ್ದಾರೆ. ಗೇಟಿನ ಬೀಗದ ಕೈ ಅವರ ಸೆರಗಿನಲ್ಲೇ ಇದೆ.

ಇನ್ನೊಂದು ಮೆಸೇಜ್. ಚಹಾದವರು ಇವತ್ತು ಹೆಂಗಸರ ಹತ್ತಿರ ದುಡ್ಡು ತೆಗೆದುಕೊಳ್ಳುತ್ತಿಲ್ಲ, ನಾನು ಮೂರು ಕುಡಿದೆ. ಆಮೇಲೆ, ನಿಮ್ಮ ಹಾಸ್ಟೆಲ್ ಗೇಟು ಎಷ್ಟು ಹೊತ್ತಿಗೆ ಹಾಕುತ್ತಾರೆ?

ಎಂಟೂವರೆಗೆ ಎಂದು ಬರೆದೆ. ನಗುವ ಮುಖ ಒಂದನ್ನು ಕಳಿಸಿದಳು, ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದನ್ನೂ.